ಎಂಟು ಕುರಿ, ಎರಡೂವರೆ ಕೆಜಿ ತುಪ್ಪಟ

ಶೇಂಗಾ ಕಿತ್ತು, ಒಣಗಿಸಿ, ಚೀಲ ತುಂಬಿ ಮಾರಿ ಆಯ್ತು. ಆ ಲೆಕ್ಕ ಹಿಂದಿನ ಬರಹದಲ್ಲಿ ಬರೆದಿದ್ದೆ. ಇವತ್ತು ಬೇರೆ ಲೆಕ್ಕ.

ಜೂನ್‌ನಲ್ಲಿ ನಮ್ಮ ಎಂಟು ಕುರಿ ಕತ್ತರಿಸಿದಾಗ ಬಂದ ತುಪ್ಪಟ ಎರಡೂವರೆ ಕೆಜಿ. ಕತ್ತರಿಸೋರಿಗೆ ಕುರಿಗೆ 30 ರೂಪಾಯಿಯಂತೆ 240 ಕೊಟ್ಟೆ. ಅದರ ಮೇಲೆ ಒಂದು ಹೊತ್ತಿನ ಮುದ್ದೆ ಊಟ, ಎಲೆ ಅಡಿಕೆ. ತುಪ್ಪಟಕ್ಕೆ ಸಿಕ್ಕ ಬೆಲೆ ಸೊನ್ನೆ, ಯಾಕಂದ್ರೆ ಕೇಳೋಕೆ ಯಾರೂ ಬರಲಿಲ್ಲ. ನಮ್ಮಪ್ಪನ ಕಾಲದಲ್ಲಿ ಕತ್ತರಿ ದಿನ ಗೊತ್ತು ಮಾಡಿದ್ರೆ ಸಾಕು, ಕಂಬಳಿ ನೇಯೋರು ಹಿಂದಿನ ದಿನವೇ ಬಂದು ಜಗುಲಿ ಮೇಲೆ ಕೂತಿರೋರು. ಈಗ ನಮ್ಮ ಕಡೆ ಬಹಳ ಜನ ಕತ್ತರಿಸಿದ ತುಪ್ಪಟವನ್ನು ಬೇಲಿ ಪಕ್ಕ ಎಸೆದು ಹೋಗ್ತಾರೆ. ಅವರನ್ನ ಬಯ್ಯೋ ಹಾಗಿಲ್ಲ. ಬೇಸಿಗೆಯಲ್ಲಿ ಕುರಿಗೆ ಭಾರ, ಮಳೆಗಾಲದಲ್ಲಿ ನೆನೆದು ಉಣ್ಣಿ, ಹುಳ. ಕತ್ತರಿಸಲೇಬೇಕು, ಕಾಸು ಬರಲಿ ಬಿಡಲಿ.

ಆ ಎರಡೂವರೆ ಕೆಜಿಯನ್ನ ನಾನು ಮನೆಗೆ ತಂದೆ. ಆರು ತಿಂಗಳಿಂದ ಅದನ್ನೇ ತೊಳೀತಾ, ಹಿಂಜುತ್ತಾ, ನೂಲ್ತಾ, ಹೆಣೀತಾ ಇದ್ದೀನಿ. "ಕೈಯಲ್ಲಿ ಅದೇನದು ತಿರುಗಿಸ್ತಿರ್ತೀರಲ್ಲ, ಅದರ ಬಗ್ಗೆ ಬರೀರಿ" ಅಂತ ಹೋದ ಬರಹದ ಫೋಟೋ ನೋಡಿದ ಸುಮಾರು ಜನ ಕೇಳಿದ್ರಿ. ಬರೀತೀನಿ, ಆದ್ರೆ ಕೊನೇಲಿ ನಿಮ್ಮಿಂದ ಒಂದು ಕೆಲಸವೂ ಆಗಬೇಕಿದೆ.

ಮೊದಲು ಕುರಿ ವಿಷಯ. ಚಳ್ಳಕೆರೆ ಸೀಮೆಯ ಕುರಿಯನ್ನ ಪುಸ್ತಕದಲ್ಲಿ ಬಳ್ಳಾರಿ ತಳಿ ಅಂತ ಬರೀತಾರೆ. ಉತ್ತರಕ್ಕೆ ಬಾಗಲಕೋಟೆ, ವಿಜಯಪುರ, ಬೀದರ್ ಕಡೆ ಹೋದ್ರೆ ದಖನಿ ಅಂತಾರೆ. ಎರಡನ್ನೂ ಒಂದೇ ಮಂದೆಯಲ್ಲಿ ನಿಲ್ಲಿಸಿದ್ರೆ ಬೇರೆ ಮಾಡೋದು ಕಷ್ಟ. ನಮಗೆಲ್ಲ ಅದು ಬರೀ ಕರಿ ಕುರಿ, ಇಲ್ಲಾ ಉಣ್ಣೆ ಕುರಿ. ಬಣ್ಣ ಕಪ್ಪು, ಬೂದು, ಕೆಲವು ಬಿಳಿ, ಕೆಲವು ಬಿಳಿ ಮೈಗೆ ಕಪ್ಪು ಮುಖ. ಉಣ್ಣೆ ಒರಟು. ಬಿಸಿಲು, ಮುಳ್ಳು, ಕಲ್ಲು, ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ, ಎಲ್ಲ ತಡ್ಕೊಳ್ಳುತ್ತೆ. ಈಗ ಊರಲ್ಲಿ ಅದು ಕಮ್ಮಿ. ಮೇಯೋ ಜಾಗ ಕಮ್ಮಿ ಆಯ್ತು. ಅಮೃತ ಮಹಲ್ ಕಾವಲಿಗೆ ಗೋಡೆ ಎದ್ದ ಮೇಲೆ ಕುರಿ ಹೊಡೆಯೋ ದಾರಿಯೇ ಬದಲಾಯ್ತು, ಅದು ನಿಮಗೆಲ್ಲ ಗೊತ್ತಿರೋದೇ. ಇತ್ತ ಮಾಂಸದ ರೇಟು ಏರ್ತಾ ಹೋಯ್ತು. ಜನ ಕೆಂಗುರಿ ತಂದ್ರು, ಆಂಧ್ರದ ಕಡೆಯಿಂದ ನೆಲ್ಲೂರು ತಂದ್ರು. ಅವು ಕೂದಲು ಕುರಿ, ಉಣ್ಣೆ ಇಲ್ಲ, ಕತ್ತರಿಯ ಖರ್ಚೂ ಇಲ್ಲ. ಬೇಗ ತೂಕ ಬರುತ್ತೆ, ಬಕ್ರೀದ್ ಹೊತ್ತಿಗೆ ನೋಡೋಕೆ ಎತ್ತರ ಇರುತ್ತೆ.

ನಮ್ಮ ಮಗನ ವಾದವೂ ಅದೇ. ಅವನು ಗೂಡ್ಸ್ ಆಟೋ ಓಡಿಸ್ತಾನೆ, ಕುರಿ ಸಂತೆಗೆ ವಾರಕ್ಕೊಮ್ಮೆ ಬಾಡಿಗೆ ಹೋಗ್ತಾನೆ, ರೇಟೆಲ್ಲ ಬಾಯಲ್ಲೇ ಇದೆ. "ಅಪ್ಪಾ, ಎಂಟು ಕರಿ ಕುರಿ ಕೊಟ್ಟು ಆರು ಕೆಂಗುರಿ ತರೋಣ. ಮೇವು ಅಷ್ಟೇ, ಮರಿ ರೇಟು ಜಾಸ್ತಿ" ಅಂತಾನೆ. ಚೀಟಿ ಮೇಲೆ ಲೆಕ್ಕ ಬರೆದೂ ಕೊಟ್ಟಿದ್ದಾನೆ. ಅದರಲ್ಲಿ ತಪ್ಪು ಹುಡುಕೋಕೆ ನಾನು ಎರಡು ಸಲ ಕೂತೆ, ಸಿಗಲಿಲ್ಲ. ಬರೀ ದುಡ್ಡಿನ ಲೆಕ್ಕ ಆದ್ರೆ ಅವನು ಹೇಳಿದ್ದೇ ಸರಿ. ಸಂಕ್ರಾಂತಿ ಕಳೆದ ಮೇಲೆ ಮುಂದಿನ ಕತ್ತರಿ. ಅಷ್ಟರೊಳಗೆ ಇಟ್ಕೊಳ್ಳೋದೋ ಕೊಡೋದೋ ಹೇಳು ಅಂತ ಗಡುವು ಕೊಟ್ಟಿದ್ದಾನೆ.

ಈಗ ತುಪ್ಪಟಕ್ಕೆ ಬರೋಣ. ಕತ್ತರಿಸಿದ ಕೂಡಲೇ ವಿಂಗಡಿಸಬೇಕು. ಬೆನ್ನು, ಪಕ್ಕೆ, ಹೆಗಲಿನದ್ದು ಉದ್ದ, ಚೊಕ್ಕ. ಹೊಟ್ಟೆ, ತೊಡೆ, ಬಾಲದ ಹತ್ರದ್ದು ಹಿಕ್ಕೆ ಅಂಟಿ ಗಂಟಾಗಿರುತ್ತೆ. ಅದನ್ನ ನೂಲೋಕೆ ಹೋಗ್ಬೇಡಿ, ಎಸೆಯಲೂಬೇಡಿ. ನಾನು ಎರಡು ವರ್ಷದಿಂದ ತೆಂಗಿನ ಸಸಿ ಬುಡಕ್ಕೆ ಹಾಸಿ ಮೇಲೆ ಮಣ್ಣು ಎಳೀತಾ ಇದ್ದೀನಿ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡ್ರೂ ಮುಟ್ಟಿದ್ರೆ ಒದ್ದೆ ಅನ್ಸಲ್ಲ. ನಿಧಾನಕ್ಕೆ ಕೊಳೆತು ಸಾರಜನಕ ಕೊಡುತ್ತೆ. ಬೇಲಿ ಪಕ್ಕ ಎಸೆಯೋರು ಇಷ್ಟಾದ್ರೂ ಮಾಡಬಹುದು.

ಚೊಕ್ಕ ಭಾಗವನ್ನ ರಾತ್ರಿಯೆಲ್ಲ ತಣ್ಣೀರಲ್ಲಿ ನೆನೆಹಾಕ್ತೀನಿ. ಬೆಳಿಗ್ಗೆ ಆ ನೀರು ಚಹಾ ಬಣ್ಣಕ್ಕೆ ಬಂದಿರುತ್ತೆ. ಅದೂ ಗಿಡಕ್ಕೇ. ಆಮೇಲೆ ಉಗುರು ಬೆಚ್ಚಗಿನ ನೀರಿಗೆ ಅಂಟುವಾಳದ ನೊರೆ ಹಾಕಿ ಮುಳುಗಿಸಿ ಬಿಡೋದು. ಉಜ್ಜಬಾರದು, ಹಿಂಡಬಾರದು, ಬಿಸಿ ನೀರಿಂದ ತೆಗೆದು ತಣ್ಣೀರಿಗೆ ಹಾಕಬಾರದು. ಉಣ್ಣೆಯ ಎಳೆಗೆ ಮೀನಿನ ಮೈಯಂಥ ಸಣ್ಣ ಹುರುಪೆ ಇರುತ್ತೆ. ಬಿಸಿ, ಸೋಪು, ತಿಕ್ಕಾಟ ಮೂರೂ ಸೇರಿದ್ರೆ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಚಾಪೆ ಥರ ಗಟ್ಟಿಯಾಗುತ್ತೆ, ಆಮೇಲೆ ಏನು ಮಾಡಿದ್ರೂ ಬಿಡಿಸೋಕಾಗಲ್ಲ. ನೆರಳಲ್ಲಿ ಒಣಗಿಸಿ ತೂಗಿದ್ರೆ ಎರಡೂವರೆ ಕೆಜಿ ಇದ್ದದ್ದು ಒಂದು ಮುಕ್ಕಾಲು ಕೆಜಿ. ಉಳಿದದ್ದು ನಮ್ಮ ಹೊಲದ ಮಣ್ಣೇ.

ಹಿಂಜೋಕೆ ಮೊದಲು ಬಿಲ್ಲು ಇರ್ತಿತ್ತು. ನರದ ಹೆದೆ ಕಟ್ಟಿದ ಉದ್ದ ಬಿಲ್ಲು, ಅದರ ಸದ್ದು ಬೀದಿ ತುದಿವರೆಗೂ ಕೇಳೋದು. ನಮ್ಮನೆ ಬಿಲ್ಲು ಯಾವಾಗ ಒಲೆಗೆ ಹೋಯ್ತೋ ಯಾರಿಗೂ ನೆನಪಿಲ್ಲ. ನಾನು ಬಳಸೋದು ನಾಯಿ ಬಾಚೋ ಬ್ರಷ್ಷು, ಎರಡು. ಸಣ್ಣ ತಂತಿ ಹಲ್ಲು, ಒಂದರ ಮೇಲೊಂದು ಎಳೆದ್ರೆ ಎಳೆಯೆಲ್ಲ ಒಂದೇ ದಿಕ್ಕಿಗೆ ಬಂದು ಹಂಜಿ ಆಗುತ್ತೆ. ಅಂಗಡಿಯವನು "ಯಾವ ಜಾತಿ ನಾಯಿ ಅಣ್ಣಾ" ಅಂದ. "ಕುರಿ" ಅಂದೆ. ಚಿಲ್ಲರೆ ಕೊಡೋವರೆಗೂ ನನ್ನ ಮುಖ ನೋಡ್ತಾನೇ ಇದ್ದ.

ನೂಲೋದು ಎರಡು ಥರ. ಮನೇಲಿ ಇದ್ರೆ ಅವ್ವನ ರಾಟೆ. ಹೊಲದಲ್ಲಿ ಇದ್ರೆ ಕದಿರು. ನಮಗೆ ತ್ರೀ ಫೇಸ್ ಕರೆಂಟು ವಾರ ಹಗಲು, ವಾರ ರಾತ್ರಿ. ರಾತ್ರಿ ಪಾಳಿ ಬಂದ್ರೆ ಹನ್ನೊಂದಕ್ಕೆ ಮೋಟರ್ ಮನೆ ಹತ್ರ ಹೋಗಿ ಕೂರೋದು, ಕರೆಂಟು ಯಾವಾಗ ಬರುತ್ತೋ ಬರುತ್ತೆ. ಮೊದಲೆಲ್ಲ ಆ ಹೊತ್ತಲ್ಲಿ ಮೊಬೈಲ್ ನೋಡ್ತಿದ್ದೆ. ಈಗ ಕದಿರು. ಅದಕ್ಕೆ ಬೆಳಕು ಬೇಡ, ಬೆರಳಿಗೆ ಗೊತ್ತಾಗುತ್ತೆ. ಒಂದು ರಾತ್ರಿಗೆ 30, 40 ಗ್ರಾಂ ನೂಲು ಆಗುತ್ತೆ. ಟೋಪಿ ಒಂದಕ್ಕೆ 80 ಗ್ರಾಂ ಬೇಕು. ಅಂದ್ರೆ ನಮ್ಮ ಮನೆಯ ಟೋಪಿಗಳಿಗೆ ಕರೆಂಟಿನ ಟೈಮ್‌ಟೇಬಲ್ಲೇ ಬಂಡವಾಳ.

ಟೀ ಅಂಗಡಿ ಹತ್ರ ಕೂತು ತಿರುಗಿಸ್ತಿದ್ರೆ "ಏನಣ್ಣಾ, ಹೆಂಗಸರ ಕೆಲಸ ಹಿಡಿದೆಯಲ್ಲ" ಅಂತ ನಗೋರು ಇದ್ದಾರೆ. ಅವರಲ್ಲಿ ಅರ್ಧ ಜನರ ಅಜ್ಜಂದಿರು ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ತುಪ್ಪಟ, ಕೈಯಲ್ಲಿ ಕದಿರು ತಿರುಗಿಸ್ತಾ ಕುರಿ ಹಿಂದೆ ನಡೆದೋರು. ನಾನು ವಾದ ಮಾಡೋಕೆ ಹೋಗಲ್ಲ. ಕಡ್ಡಿ ಹಿಡಿದು ಹೆಣೆಯೋದು ಮಾತ್ರ ನಮ್ಮ ಕಡೆಯದ್ದಲ್ಲ, ಅದು ನಿಜ. ಅದನ್ನ ನಾನು ಕಲಿತದ್ದು ಮಗಳಿಂದ. 2020ರ ಲಾಕ್‌ಡೌನಲ್ಲಿ ಅವಳು ಶಾಲೇಲಿ ಕಲಿತಿದ್ದನ್ನ ಜ್ಞಾಪಿಸಿಕೊಂಡು ಹೆಣೀತಿದ್ಲು, ಬೇಜಾರಿಗೆ ನಾನೂ ಪಕ್ಕದಲ್ಲಿ ಕೂತೆ. ಅವಳು ಬಿಟ್ಟಳು, ನಾನು ಹಿಡಿದೆ.

ಹಗ್ಗ ಹೊಸೆದೋರಿಗೆ ಹುರಿಯ ವಿಷಯ ಹೇಳೋದೇ ಬೇಡ. ಕತ್ತಾಳೆ ನಾರನ್ನ ಒಂದು ಕಡೆಗೆ ತಿರುಚಿ, ಎರಡು ಎಳೆ ಸೇರಿಸುವಾಗ ಎದುರು ದಿಕ್ಕಿಗೆ ಹೊಸೀತೀವಲ್ಲ, ಉಣ್ಣೆಗೂ ಅದೇ. ಒಂಟಿ ಎಳೆಯಲ್ಲಿ ಹೆಣೆದ್ರೆ ಬಟ್ಟೆ ಒಂದು ಪಕ್ಕಕ್ಕೆ ವಾಲಿಕೊಂಡು ಹೋಗುತ್ತೆ, ಯಾಕಂದ್ರೆ ಒಳಗಿನ ಹುರಿ ಬಿಚ್ಚಿಕೊಳ್ಳೋಕೆ ನೋಡ್ತಿರುತ್ತೆ. ಎರಡೆಳೆ ಮಾಡಿ ಎದುರು ಹುರಿ ಕೊಟ್ರೆ ಎರಡೂ ಒಂದನ್ನೊಂದು ಹಿಡಿದು ಸುಮ್ಮನಾಗ್ತವೆ. ಲಡಿ ಮಾಡಿ ನೀರಲ್ಲಿ ಅದ್ದಿ, ಕೆಳಗೆ ಸಣ್ಣ ತೂಕ ಕಟ್ಟಿ ಒಣಗಿಸಿದ್ರೆ ಹುರಿ ಕೂತುಬಿಡುತ್ತೆ. ನೇಯೋಕಾದ್ರೆ ಒಂಟಿ ಎಳೆಯೇ ನಡೆಯುತ್ತೆ. ಕಂಬಳಿ ಎಲ್ಲ ಒಂಟಿ ಎಳೆಯದ್ದೇ.

ಈಗ ಯಾರ್ಯಾರಿಗೆ ಏನೇನು ಅಂತ. ಅಪ್ಪನಿಗೆ 79. ಮೊಣಕಾಲು ನೋವು, ಡಿಸೆಂಬರ್ ಚಳಿಗೆ ಬೆಳಿಗ್ಗೆ ಮಂಚದಿಂದ ಇಳಿಯೋಕೆ ಅರ್ಧ ಗಂಟೆ. ಔಷಧಿ ಅಂಗಡಿ ಪಟ್ಟಿ ತಂದು ಕೊಟ್ಟೆ, "ಕಾಲು ಹಿಸುಕ್ತೈತೆ, ಬೆವೀತೈತೆ" ಅಂತ ಕಿತ್ತು ಬಿಸಾಕಿದ್ರು. ಅದಕ್ಕೆ ಉಣ್ಣೆಯ ಮೊಣಕಾಲು ಚೀಲ. ಎರಡೆಳೆ ಕರಿ ನೂಲು, ಬಿದಿರು ಸೀಳಿ ಮರಳು ಕಾಗದದಲ್ಲಿ ಉಜ್ಜಿದ ನಾಲ್ಕು ಕಡ್ಡಿ. ಮೂರರಲ್ಲಿ ಕುಣಿಕೆ ನಿಂತಿರುತ್ತೆ, ನಾಲ್ಕನೇದು ಕೆಲಸ ಮಾಡುತ್ತೆ. 56 ಕುಣಿಕೆ ಹಾಕಿ, ಕಡ್ಡಿಗೆ 20, 20, 16ರಂತೆ ಹಂಚಿ, ಎರಡು ಸೀದಾ ಎರಡು ಉಲ್ಟಾ ಸುತ್ತುತ್ತಾ ಹೋಗೋದು. ಹಂಗೆ ಹೆಣೆದ್ರೆ ಎಳೆದಷ್ಟು ಹಿಗ್ಗುತ್ತೆ, ಬಿಟ್ರೆ ಕುಗ್ಗುತ್ತೆ, ಹಿಸುಕಲ್ಲ. ಒಂದು ಕಾಲಿಂದು ಮುಗಿದು ತಿಂಗಳಾಯ್ತು. ಅಪ್ಪ ಇನ್ನೊಂದಕ್ಕೆ ಕಾಯಲಿಲ್ಲ, ಒಂದನ್ನೇ ಹಾಕ್ಕೊಂಡು ಓಡಾಡ್ತಿದ್ದಾರೆ. ಒಂದು ದಿನ ಎಡಗಾಲಿಗೆ, ಒಂದು ದಿನ ಬಲಗಾಲಿಗೆ. "ಪಾಳಿ ಮೇಲೆ ಬೆಚ್ಚಗೆ ಮಾಡ್ತೀನಿ" ಅಂತಾರೆ. ಇನ್ನೊಂದು ಅರ್ಧಕ್ಕೆ ಬಂದಿದೆ.

ನಮ್ಮ ಮನೆಯಾಕೆಗೆ ಶಾಲು ಅಂತ ಶುರು ಮಾಡಿದ್ದು. ಎಂಟರಲ್ಲಿ ಎರಡು ಹೋದ ವರ್ಷದ ಮರಿ, ಅವುಗಳ ಮೊದಲ ಕತ್ತರಿ ತುಪ್ಪಟ ಉಳಿದದ್ದಕ್ಕಿಂತ ಮೆತ್ತಗೆ. ಅದನ್ನ ಬೇರೆ ಇಟ್ಟು, ಬೂದು ಬಣ್ಣ ಹಂಗೇ ಉಳಿಸಿ, ಎರಡು ತಿಂಗಳು ಹೆಣೆದೆ. ಹೊದ್ದುಕೊಂಡು ಎರಡು ನಿಮಿಷ ನಿಂತ್ಲು. "ಚೆನ್ನಾಗೈತ್ರೀ. ಆದ್ರೆ ಕುತ್ತಿಗೆ ಚುಚ್ತೈತೆ" ಅಂದ್ಲು. ಚುಚ್ಚೋದೇ. ಎಳೆ 30 ಮೈಕ್ರಾನ್‌ಗಿಂತ ದಪ್ಪ ಇದ್ರೆ ಅದರ ತುದಿ ಬಾಗಲ್ಲ, ಚರ್ಮಕ್ಕೆ ಕುಟುಕುತ್ತೆ. ಪೇಟೆಯಲ್ಲಿ ಸಿಗೋ ಮೆರಿನೊ ಉಣ್ಣೆ 20ರ ಆಸುಪಾಸು, ಅದು ಬಾಗುತ್ತೆ, ಮೆತ್ತಗೆ ಅನ್ಸುತ್ತೆ. ಕೊಡೈಕೆನಾಲ್ ಬೆಟ್ಟದ ಮನ್ನವನೂರಿನಲ್ಲಿ ಕೇಂದ್ರ ಸರ್ಕಾರದ ಕುರಿ ಸಂಶೋಧನಾ ಕೇಂದ್ರ ಇದೆ, ಅಲ್ಲಿ ಭಾರತ್ ಮೆರಿನೊ ಸಾಕ್ತಾರೆ. ಆದ್ರೆ ಅದು ತಂಪು ಬೆಟ್ಟದ ಮಾತು. ಏಪ್ರಿಲ್‌ನ ನಮ್ಮ ಬಿಸಿಲಿಗೆ ಆ ಕುರಿ ತಂದು ನಿಲ್ಲಿಸೋದು ಅಂದ್ರೆ ಪಾಪ. ಕೊನೆಗೆ ಶಾಲಿನ ದಾರಿ ಶಾಲೇ ಕಂಡುಕೊಳ್ತು. ಬೆಳಿಗ್ಗೆ ಐದಕ್ಕೆ ಹಾಲು ಕರೆಯೋಕೆ ಹೋಗುವಾಗ ಸೀರೆ ಮೇಲೆ ಸೊಂಟಕ್ಕೆ ಎರಡು ಸುತ್ತು ಸುತ್ತಿಕೊಂಡು ಗಂಟು ಹಾಕ್ತಾಳೆ. ಸೊಂಟ ನೋವಿಗೆ ಹಿತವಂತೆ. ಎರಡು ತಿಂಗಳ ಕೆಲಸಕ್ಕೆ ಸೆಗಣಿ ಹತ್ತುತ್ತಲ್ಲ ಅಂತ ನನಗೆ ಒಳಗೊಳಗೇ ಸಂಕಟ. ಹೇಳಿಲ್ಲ. ಇಲ್ಲಿ ಬರೆದಿದ್ದೀನಿ, ಓದಿದ್ರೆ ಗೊತ್ತಾಗುತ್ತೆ.

ಮಗಳು ಸಂಕ್ರಾಂತಿ ಹೊತ್ತಿಗೆ ಬಾಣಂತನಕ್ಕೆ ಬರ್ತಾಳೆ. ದೊಡ್ಡೋರ ಕುತ್ತಿಗೆಯನ್ನೇ ಚುಚ್ಚೋ ಉಣ್ಣೆ ಕೂಸಿನ ತಲೆಗೆ ಹೆಂಗೆ? ಅದಕ್ಕೆ ಕುಲಾವಿ ಮಾತ್ರ ಹತ್ತಿಯದ್ದು. ಹಿತ್ತಲಲ್ಲಿ ದೇವರ ದೀಪದ ಬತ್ತಿಗೆ ಅಂತ ಅವ್ವ ಹಾಕಿದ್ದ ಹತ್ತಿ ಗಿಡ ಇದೆ, ಆಳೆತ್ತರ ಬೆಳೆದಿದೆ, ಔಷಧಿ ಕಂಡಿದ್ದೇ ಇಲ್ಲ. ಬೀಜ ಬಿಡಿಸೋದು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆ ಉರುಳಿಸಿ. ಹತ್ತಿ ಸಲಾಕೆ ಅಡಿಗೆ ಸಿಕ್ಕಿಕೊಳ್ಳುತ್ತೆ, ಬೀಜ ಬೇರೆಯಾಗುತ್ತೆ. ಸಂಜೆಯೆಲ್ಲ ಕೂತ್ರೆ ಎರಡು ಹಿಡಿ. ನೂಲೋಕೆ ಕೂತಾಗ ನನ್ನ ಕೈಯಿಂದ ತಕಲಿ ಕಸಿದುಕೊಂಡಿದ್ದು ಅಪ್ಪ. ಅವರು ಓದಿದ್ದು ನಾಲ್ಕನೇ ಕ್ಲಾಸು. ಆ ಕಾಲದ ಶಾಲೇಲಿ ಅಕ್ಷರದ ಜೊತೆಗೆ ತಕಲಿಯೂ ಇತ್ತು. ಕಣ್ಣು ಮಂಜು, ಆದ್ರೂ ಹಂಜಿಯಿಂದ ಎಳೆ ಎಳೆದು ಕೊಟ್ಟ ಹುರಿ ನೋಡಿ ನನಗೆ ಮಾತು ಹೊರಡಲಿಲ್ಲ. "ಹತ್ತಿ ನಾರು ಗಿಡ್ಡ ಕಣೋ, ಹುರಿ ಜಾಸ್ತಿ ಕೇಳುತ್ತೆ. ಉಣ್ಣೆ ಥರ ಸಡಿಲ ಬಿಟ್ರೆ ಕಡಿದು ಹೋಗುತ್ತೆ" ಅಂದ್ರು. ಈಗ ಮರಿಮಗುವಿನ ಕುಲಾವಿಗೆ ನೂಲು ಅವರದ್ದು, ಹೆಣಿಗೆ ನಂದು. ಹತ್ತಿಗೆ ಉಣ್ಣೆಯ ಹಿಗ್ಗು ಕುಗ್ಗು ಇಲ್ಲ, ಕೂಸು ತಲೆ ಆಡಿಸಿದ್ರೆ ಜಾರಿಬಿಡುತ್ತೆ, ಹಂಗಾಗಿ ಗದ್ದದ ಕೆಳಗೆ ಕಟ್ಟೋ ದಾರ ಇಡಬೇಕು. ಬತ್ತಿ ಹತ್ತಿಯನ್ನ ತಲೆಗೆ ಹಾಕಬಹುದಾ ಅಂತ ನಮ್ಮತ್ತೆ ಒಂದು ಪ್ರಶ್ನೆ ಎತ್ತಿದ್ರು. "ದೇವರಿಗೆ ಆಗೋದು ಕೂಸಿಗೆ ಆಗಲ್ವಾ" ಅಂದ್ರು ಅಪ್ಪ. ಮುಗೀತು.

ಇನ್ನು ಕಂಬಳಿ. ಅಪ್ಪನ ಕಂಬಳಿಗೆ 22 ವರ್ಷ. ಅವ್ವ ನೂತಿದ್ದು, ನಮ್ಮ ಬೀದಿಯ ಗುಂಡಿ ಮಗ್ಗದಲ್ಲಿ ನೇಯಿಸಿದ್ದು. ಅವರಿಗೆ ಅದೇ ಹಾಸಿಗೆ, ಅದೇ ಹೊದಿಕೆ, ಮಳೆಗೆ ಕೊಪ್ಪೆ, ಕಾಳು ಒಣಹಾಕೋಕೆ ಹಾಸು, ಮನೆಯಲ್ಲಿ ಶುಭಕಾರ್ಯ ಆದ್ರೆ ಗದ್ದುಗೆ. ಹೋದ ಚಳಿಗಾಲ ಬೆಂಕಿ ಕಾಯಿಸುವಾಗ ಕಿಡಿ ಬಿದ್ದು ಹೆಗಲ ಜಾಗದಲ್ಲಿ ಅಂಗೈ ಅಗಲ ತೂತಾಯ್ತು. ಉಣ್ಣೆ ಭಗ್ಗನೆ ಹತ್ತಿಕೊಳ್ಳಲ್ಲ, ಕಮರಿ ಆರಿಹೋಗುತ್ತೆ, ಅದೇ ಪುಣ್ಯ. ಹೊಸದು ತರೋಣ ಅಂದ್ರೆ ಬೇಡ ಅಂದ್ರು.

ಅವ್ವ ಹೋಗಿ ಆರು ವರ್ಷ. ಟ್ರಂಕಿನ ತಳದಲ್ಲಿ ಹಳೇ ಸೀರೆ ಒಳಗೆ ಅವಳು ನೂತ ಕರಿ ನೂಲಿನ ಒಂದು ಉಂಡೆ ಸಿಕ್ತು. ಹೊಗೆಸೊಪ್ಪು ಸುತ್ತಿಟ್ಟಿದ್ಲು, ಆದ್ರೂ ಅಲ್ಲಲ್ಲಿ ನುಸಿ ತಿಂದಿತ್ತು. ಅದು ಬಿಟ್ರೆ ಅವಳ ಕೈಯ ನೂಲು ಇನ್ನೆಲ್ಲೂ ಇಲ್ಲ. ನನ್ನ ಮನಸ್ಸಲ್ಲಿ ಅದನ್ನ ಹಂಗೇ ಇಟ್ಟುಬಿಡೋಣ ಅಂತಿತ್ತು. ಅಪ್ಪನಿಗೆ ತೋರಿಸಿದೆ. ಒಂದು ಕೈಗೆ ಅವ್ವನ ಎಳೆ, ಇನ್ನೊಂದು ಕೈಗೆ ನನ್ನ ಎಳೆ ಕೊಟ್ಟೆ, ಯಾವುದು ಯಾವುದು ಅಂತ ಹೇಳಲಿಲ್ಲ. ಹೆಬ್ಬೆರಳು ತೋರುಬೆರಳ ಮಧ್ಯ ಹೊಸೆದು ನೋಡಿದ್ರು. "ಇದು ನಿಮ್ಮವ್ವಂದು" ಅಂದ್ರು. ಇನ್ನೊಂದನ್ನ ಸ್ವಲ್ಪ ಹೊತ್ತು ಹೊಸೆದು, "ಇದು ಯಾರೋ ಕಲೀತಾ ಇರೋರದ್ದು" ಅಂದ್ರು. ಆಮೇಲೆ ಉಂಡೆಯನ್ನ ನನ್ನ ಕಡೆ ತಳ್ಳಿ, "ಟ್ರಂಕಿನಾಗೆ ಇಟ್ರೆ ನುಸಿ ತಿಂತೈತೆ. ನನ್ನ ಹೆಗಲ ಮೇಲಾದ್ರೂ ಇರಲಿ" ಅಂದ್ರು.

ಊರಲ್ಲಿ ಕಂಬಳಿ ನೇಯ್ದು ಗೊತ್ತಿರೋ ಹಿರಿಯರು ಈಗ ಒಬ್ಬರೇ. ಮಗ್ಗ ಬಿಟ್ಟು ಎಂಟು ವರ್ಷ ಆಗಿದೆ, ಗುಂಡಿ ಮುಚ್ಚಿ ಅದರ ಮೇಲೆ ಟೀವಿ ಸ್ಟ್ಯಾಂಡ್ ಇಟ್ಟಿದ್ದಾರೆ. ಕಂಬಳಿ ತಗೊಂಡು ಹೋದೆ. ತೂತಿನ ಅಂಚು ಮುಟ್ಟಿ ನೋಡಿ, "ಇದನ್ನ ನಾನೇ ನೇಯ್ದಿದ್ದು" ಅಂದ್ರು. ಆಮೇಲೆ ಎರಡು ಗಂಟೆ ಕೂರಿಸಿ ಹೇಳಿಕೊಟ್ರು. ಹಾಸಿನ ಎಳೆ ಜಗ್ಗಾಟ ತಡೀಬೇಕು, ಅದಕ್ಕೆ ಹುರಿ ಜಾಸ್ತಿ ಇರೋ ಗಟ್ಟಿ ನೂಲು. ಹೊಕ್ಕಿನ ಎಳೆ ತುಂಬಿಕೊಳ್ಳೋಕೆ, ಅದು ಮೆತ್ತಗಿದ್ರೂ ಆಗುತ್ತೆ. ನನ್ನ ನೂಲಲ್ಲಿ ಹುರಿ ಜಾಸ್ತಿ, ಅವ್ವನ ನೂಲು ಹಳೇದು, ಎಳೆದ್ರೆ ಕಡಿಯುತ್ತೆ. ಹಂಗಾಗಿ ಹಾಸು ನಂದು, ಹೊಕ್ಕು ಅವ್ವಂದು ಅಂತ ಅವರೇ ತೀರ್ಮಾನ ಮಾಡಿದ್ರು. ಹಾಸಿಗೆ ಗಂಜಿ ಬೇಕು. ಹುಣಸೆ ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಸಿ ರುಬ್ಬಿ, ನೀರಲ್ಲಿ ಕುದಿಸಿದ್ರೆ ಅಂಟು ಬರುತ್ತೆ. ಅದನ್ನ ಸವರಿ ಒಣಗಿಸಿದ್ರೆ ಉಣ್ಣೆಯ ಜುಂಗು ಮಲಗಿ, ಎಳೆ ತಂತಿ ಥರ ನಿಲ್ಲುತ್ತೆ. ಮಗ್ಗ ಇದ್ದಾಗ ಬೀದಿ ಉದ್ದಕ್ಕೂ ಹಾಸು ಕಟ್ಟಿ ಬ್ರಷ್ಷಲ್ಲಿ ಸವರ್ತಿದ್ರು. ನನಗೆ ಬೇಕಾಗಿದ್ದು ಒಂದು ಬಟ್ಟಲು.

ಮೂರು ಸಂಜೆ ಹಿಡೀತು. ದಬ್ಬಳದಲ್ಲಿ ನೂಲು ಪೋಣಿಸಿ, ತೂತಿನ ಅಂಚಿಂದ ಎರಡು ಬೆರಳು ಆಚೆ, ಗಟ್ಟಿ ಬಟ್ಟೆಯಿಂದಲೇ ಶುರು ಮಾಡಿ ಉದ್ದಕ್ಕೆ ಹಾಸು ಎಳೆದೆ. ಆಮೇಲೆ ಅಡ್ಡಕ್ಕೆ ಒಂದರ ಮೇಲೆ, ಒಂದರ ಕೆಳಗೆ ಅವ್ವನ ನೂಲು. ನುಸಿ ತಿಂದ ಕಡೆ ತುಂಡಾದ್ರೆ ಗಂಟು ಹಾಕೋದು ಬೇಡ, ಎರಡು ತುದಿ ಬಿಡಿಸಿ ನೀರು ಹಚ್ಚಿ ಅಂಗೈಯಲ್ಲಿ ಹೊಸೆದ್ರೆ ಸೇರಿಕೊಳ್ಳುತ್ತೆ. ಮೊದಲು ಹೇಳಿದ ಹುರುಪೆಯ ಗುಣ, ತೊಳೆಯುವಾಗ ಶತ್ರು, ಇಲ್ಲಿ ನೆಂಟ. ಮುಗಿದಾಗ ಉಂಡೆಯಲ್ಲಿ ಉಳಿದದ್ದು ನಿಂಬೆಹಣ್ಣಿನಷ್ಟು. ತೇಪೆ ಎದ್ದು ಕಾಣುತ್ತೆ, ಕಪ್ಪಲ್ಲೂ ಕಪ್ಪು ಬೇರೆ ಬೇರೆ. ಹಳೇ ಕಂಬಳಿ ಬಿಸಿಲಿಗೆ ಕಂದು ತಿರುಗಿದೆ, ಟ್ರಂಕಿನ ನೂಲು ಇನ್ನೂ ಕಾಡಿಗೆ. ಅಪ್ಪ ಕೈಯಾಡಿಸಿ ನೋಡಿ ಏನೂ ಹೇಳದೆ ಹೊದ್ದುಕೊಂಡು ಮಲಗಿದ್ರು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಗ ಆ ಚೀಟಿ ತೆಗೀಲಿಲ್ಲ. ಎರಡು ದಿನ ಬಿಟ್ಟು ತೆಗೆದ, ಆದ್ರೆ ಬೇರೆ ಮಾತಿಗೆ. "ಅಪ್ಪಾ, ನೀನು ಇಟ್ಕೋ ಅಂದ್ರೆ ಇಟ್ಕೊಳ್ಳೋಣ. ಆದ್ರೆ ಟಗರು ಎಲ್ಲೈತೆ?" ಅಂದ. ಅದೇ ನೋಡಿ ನಿಜವಾದ ತೊಡಕು. ನಮ್ಮಲ್ಲಿ ಇರೋದು ಎಂಟೂ ಹೆಣ್ಣೇ. ಊರ ಮಂದೆಗಳಲ್ಲಿ ಈಗ ಓಡಾಡೋದೆಲ್ಲ ಕೆಂಗುರಿ, ನೆಲ್ಲೂರು ಟಗರು. ಹೋದ ವರ್ಷ ಹುಟ್ಟಿದ ಐದು ಮರಿಯಲ್ಲಿ ಮೂರಕ್ಕೆ ಮೈಮೇಲೆ ಉಣ್ಣೆಗಿಂತ ಕೂದಲೇ ಜಾಸ್ತಿ. ಉಳಿದ ಎರಡೇ ಮನೆಯಾಕೆಯ ಶಾಲಿಗೆ ತುಪ್ಪಟ ಕೊಟ್ಟವು. ಹಿಂಗೇ ಇನ್ನೆರಡು ಸೂಲು ಆದ್ರೆ ಕುರಿ ಕೊಟ್ಟಿಗೇಲೇ ಇರುತ್ತೆ, ತುಪ್ಪಟ ಇರಲ್ಲ. ಮಾರೋದು ಬೇಡ ಅಂತ ನಾನು ಪಟ್ಟು ಹಿಡಿದು ಏನೂ ಪ್ರಯೋಜನ ಇಲ್ಲ.

ಸಂಕ್ರಾಂತಿ ಒಳಗೆ ಉಣ್ಣೆ ಟಗರು ಸಿಕ್ಕಿದ್ರೆ ಐದು ಹೆಣ್ಣು ಉಳಿಸೋದು, ಮೂರು ಕೊಟ್ಟು ಆ ದುಡ್ಡಲ್ಲಿ ಅವನಿಗೆ ಎರಡು ಕೆಂಗುರಿ, ಎರಡೂ ಬೇರೆ ಬೇರೆ ಕಟ್ಟೋದು ಅಂತ ಒಪ್ಪಂದ ಆಗಿದೆ. ಸಿಗಲಿಲ್ಲ ಅಂದ್ರೆ ಅವನ ಚೀಟಿಯ ಲೆಕ್ಕವೇ.

ಅದಕ್ಕೆ ನಿಮ್ಮಲ್ಲಿ ಕೇಳೋದು. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು, ಜಗಳೂರು, ಕೂಡ್ಲಿಗಿ, ಅಥವಾ ಹಾವೇರಿ ಜಿಲ್ಲೆ ಕಡೆ ಯಾರ ಹತ್ರ ಆದ್ರೂ ಅಪ್ಪಟ ಉಣ್ಣೆ ಟಗರು ಇದ್ರೆ ತಿಳಿಸಿ. ಎರಡು ಹಲ್ಲಿನದ್ದು, ನಾಲ್ಕು ಹಲ್ಲಿನದ್ದು ಆದ್ರೆ ಒಳ್ಳೇದು. ಕರೀದು ಸಿಕ್ಕಿದ್ರೆ ಸರಿ, ಬೂದು ಆದ್ರೂ ಬೇಡ ಅನ್ನಲ್ಲ. ಕೊಡೋಕೆ ಇಷ್ಟ ಇಲ್ಲ ಅಂದ್ರೆ ಎರಡು ತಿಂಗಳ ಮಟ್ಟಿಗೆ ಬಿಟ್ಟುಕೊಟ್ರೂ ಸಾಕು, ಮೇವು ನಂದು, ಬದಲಿಗೆ ಒಂದು ಹೆಣ್ಣು ಮರಿ ಕೊಡ್ತೀನಿ. ಆಟೋ ನಮ್ಮದೇ ಇದೆ, ಮಗನೇ ಬರ್ತಾನೆ. ಫೋಟೋ ಕಳಿಸೋರು ಬರೀ ಕೊಂಬು, ಎತ್ತರ ತೋರಿಸಬೇಡಿ. ಬೆನ್ನಿನ ಮೇಲಿನ ತುಪ್ಪಟವನ್ನ ಕೈಯಲ್ಲಿ ಬಿಡಿಸಿ ಹಿಡಿದು, ಬುಡದವರೆಗೂ ಕಾಣೋ ಹಾಗೆ ಬಿಸಿಲಲ್ಲಿ ತೆಗೆದು ಕಳಿಸಿ.